ಮೂಗಿಗಿಂತ ಮೂಗುತಿ ಭಾರವೇ? ಓಕ್‌ಲೆಂಡ್ ತಂಡದ ಕ್ಲೋಸರ್ ಲೆಕ್ಕ, 2001–2004

2001ರ ಚಳಿಗಾಲದಲ್ಲಿ ಓಕ್‌ಲೆಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡದ ಮೂವರು ಮುಖ್ಯ ಆಟಗಾರರು ಒಂದೇ ಸಲಕ್ಕೆ ಕೈತಪ್ಪಿ ಹೋದರು. ಜೇಸನ್ ಜಿಯಾಂಬಿಗೆ ನ್ಯೂಯಾರ್ಕ್ ಯಾಂಕೀಸ್ ಏಳು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟಿತು. ಜಾನಿ ಡೇಮನ್ ನಾಲ್ಕು ವರ್ಷಕ್ಕೆ 3.1 ಕೋಟಿ ಡಾಲರ್ ಪಡೆದು ಬಾಸ್ಟನ್ ರೆಡ್ ಸಾಕ್ಸ್ ಸೇರಿದರು. ಮೂರನೆಯವರು ಜೇಸನ್ ಇಸ್ರಿಂಗ್‌ಹೌಸನ್. ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ಬಂದು ಗೆಲುವನ್ನು ಕಾಯುವ ಪಿಚರ್ (ಚೆಂಡು ಎಸೆಯುವವ), ಅಂದರೆ ಕ್ಲೋಸರ್. ಅವರಿಗೆ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ನಾಲ್ಕು ವರ್ಷಕ್ಕೆ 2.7 ಕೋಟಿ ಡಾಲರ್ ಕೊಟ್ಟಿತು.

ಜಿಯಾಂಬಿಯನ್ನು ಉಳಿಸಿಕೊಳ್ಳಲು ಓಕ್‌ಲೆಂಡ್‌ಗೆ ಸಾಧ್ಯವೇ ಇರಲಿಲ್ಲ, ಹಾಗಾಗಿ ಅಲ್ಲಿ ಚರ್ಚೆಗೂ ಜಾಗವಿಲ್ಲ. ಇಸ್ರಿಂಗ್‌ಹೌಸನ್ ವಿಷಯ ಹಾಗಲ್ಲ. ವರ್ಷಕ್ಕೆ ಸರಾಸರಿ 67.5 ಲಕ್ಷ ಡಾಲರ್. ಹಲ್ಲು ಕಚ್ಚಿಕೊಂಡು, ಬೇರೆ ಕಡೆ ಕೈ ಬಿಗಿ ಹಿಡಿದು, ಹೊಂದಿಸಿಬಿಡಬಹುದಾದ ಮೊತ್ತ ಅದು. ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಹೊಂದಿಸಲು ಹೋಗಲಿಲ್ಲ. ಆ ನಿರ್ಧಾರ ಸರಿಯಿತ್ತೇ? ಅದೇ ತರ್ಕವನ್ನು ಎರಡು ವರ್ಷದ ನಂತರ ಮತ್ತೆ ಬಳಸಿದಾಗ ಏನಾಯಿತು? ಇದೇ ಈ ಪ್ರಕರಣ.

ಕ್ಲೋಸರ್ ಅಂದರೆ ಯಾರು

ಬೇಸ್‌ಬಾಲ್ ಪರಿಚಯ ಕಡಿಮೆ ಇರುವವರಿಗಾಗಿ ನಾಲ್ಕು ಮಾತು. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಮೊದಲ ಐದಾರು ಇನ್ನಿಂಗ್ಸ್ ಸ್ಟಾರ್ಟರ್ ಎಸೆಯುತ್ತಾನೆ. ಅವನು ದಣಿದ ಮೇಲೆ ಬುಲ್‌ಪೆನ್‌ನಿಂದ, ಅಂದರೆ ಮೈದಾನದ ಅಂಚಿನಲ್ಲಿ ಕೈ ಬಿಸಿ ಮಾಡಿಕೊಳ್ಳುವ ಜಾಗದಿಂದ, ಒಬ್ಬರ ನಂತರ ಒಬ್ಬರು ಬರುತ್ತಾರೆ. ಅವರಲ್ಲಿ ಕೊನೆಯವನೇ ಕ್ಲೋಸರ್. ನಮ್ಮ ಡೆತ್ ಓವರ್ ಬೌಲರ್ ಇದ್ದ ಹಾಗೆ ಅಂದರೆ ಅರ್ಧ ಮಾತ್ರ ಸರಿ. ಕ್ರಿಕೆಟ್‌ನ ಕೊನೆಯ ನಾಲ್ಕು ಓವರ್‌ಗಳಲ್ಲಿ ಬ್ಯಾಟರ್ ಆಡುವ ರೀತಿಯೇ ಬದಲಾಗುತ್ತದೆ, ವಿಕೆಟ್ ಹೋದರೂ ಸರಿ ಎಂದು ಬೀಸುತ್ತಾನೆ. ಹಾಗಾಗಿ ಅಲ್ಲಿಗೆ ಬೇರೆಯದೇ ಕೌಶಲ ಬೇಕು. ಬೇಸ್‌ಬಾಲ್‌ನ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹಾಗೇನೂ ಇಲ್ಲ. ಏಳನೆಯದರಲ್ಲಿ ಬೇಕಾದದ್ದೂ ಮೂರು ಔಟ್, ಒಂಬತ್ತನೆಯದರಲ್ಲಿ ಬೇಕಾದದ್ದೂ ಮೂರೇ ಔಟ್. ಎದೆಬಡಿತ ಮಾತ್ರ ಜೋರು.

ಆ ಎದೆಬಡಿತಕ್ಕೆ ಬೆಲೆ ಕಟ್ಟಿದ್ದು ‘ಸೇವ್’ ಎಂಬ ಅಂಕಿ. ಷಿಕಾಗೋದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಅದನ್ನು ರೂಪಿಸಿದರು. 1969ರಲ್ಲಿ ಅದು ಅಧಿಕೃತ ಅಂಕಿಅಂಶವಾಯಿತು. ಈಗಿನ ನಿಯಮದ ಪ್ರಕಾರ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇರುವಾಗ ಬಂದು, ಕನಿಷ್ಠ ಒಂದು ಇನ್ನಿಂಗ್ಸ್ ಎಸೆದು, ಮುನ್ನಡೆ ಬಿಟ್ಟುಕೊಡದೆ ಪಂದ್ಯ ಮುಗಿಸಿದವನಿಗೆ ಒಂದು ಸೇವ್ ಸಿಗುತ್ತದೆ. ಬೇರೆ ಒಂದೆರಡು ದಾರಿಗಳೂ ಇವೆ, ಆದರೆ ಹೆಚ್ಚಿನ ಸೇವ್‌ಗಳು ಬರುವುದು ಹೀಗೆಯೇ. ತಮಾಷೆಯೆಂದರೆ ಬರೀ ಒಂಬತ್ತನೇ ಇನ್ನಿಂಗ್ಸ್‌ಗೆ ಮೀಸಲಾದ ಕ್ಲೋಸರ್ ಎಂಬ ಪದ್ಧತಿ ಬೇರೂರಿದ್ದು ಇದೇ ಓಕ್‌ಲೆಂಡ್‌ನಲ್ಲಿ. ಸ್ಟಾರ್ಟರ್ ಆಗಿ ಮುಗಿದೇ ಹೋದರು ಎನಿಸಿಕೊಂಡಿದ್ದ ಡೆನಿಸ್ ಎಕರ್ಸ್‌ಲಿಯನ್ನು 1987ರಲ್ಲಿ ಕಡಿಮೆ ಬೆಲೆಗೆ ತಂದ ತಂಡ, ಅವರನ್ನು ಕೊನೆಯ ಇನ್ನಿಂಗ್ಸ್‌ಗೆ ಎತ್ತಿಟ್ಟಿತು. 1992ರಲ್ಲಿ ಅವರು 51 ಸೇವ್ ಮಾಡಿ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಆಮೇಲೆ ಎಲ್ಲ ತಂಡಗಳಿಗೂ ಒಬ್ಬ ಎಕರ್ಸ್‌ಲಿ ಬೇಕಾಯಿತು, ಬೆಲೆ ಏರಿತು.

ಹಣದ ಲೆಕ್ಕ

2002ರಲ್ಲಿ ಓಕ್‌ಲೆಂಡ್ ತಂಡದ ಇಡೀ ಸಂಬಳದ ಮೊತ್ತ ಸುಮಾರು 4 ಕೋಟಿ ಡಾಲರ್. ಯಾಂಕೀಸ್‌ನದು 12.5 ಕೋಟಿ ದಾಟಿತ್ತು. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಅಳತೆಯ ಪರ್ಸ್ ಇರುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಆ ಥರದ ಮಿತಿ ಇಲ್ಲ, ಮಿತಿ ಮೀರಿದ ಶ್ರೀಮಂತರು ಒಂದಿಷ್ಟು ತೆರಿಗೆ ಕಟ್ಟಬೇಕು ಅಷ್ಟೆ. ಹಾಗಾಗಿ ಇಲ್ಲಿ ಬಡ ತಂಡ ಅಂದರೆ ನಿಜವಾಗಿಯೂ ಬಡ ತಂಡ.

ಆ 4 ಕೋಟಿಯಲ್ಲಿ ಇಸ್ರಿಂಗ್‌ಹೌಸನ್‌ಗೆ 67.5 ಲಕ್ಷ ಅಂದರೆ ಆರನೇ ಒಂದು ಪಾಲು. ಬದಲಿಗೆ ಸಿಗುವುದೇನು? ಒಂದು ಋತುವಿನಲ್ಲಿ 162 ಪಂದ್ಯ, ಸುಮಾರು 1,458 ಇನ್ನಿಂಗ್ಸ್. ಕ್ಲೋಸರ್ ಎಸೆಯುವುದು ಎಪ್ಪತ್ತರ ಆಸುಪಾಸು. ಅದು ನೂರಕ್ಕೆ ಐದೂ ಆಗುವುದಿಲ್ಲ.

ಇಷ್ಟು ಹೇಳಿ ಲೆಕ್ಕ ಮುಗಿಸಿದರೆ ಕ್ಲೋಸರ್‌ಗೆ ಅನ್ಯಾಯ. ಅವನು ಎಸೆಯುವ ಎಪ್ಪತ್ತು ಇನ್ನಿಂಗ್ಸ್ ಸಾಮಾನ್ಯದವಲ್ಲ. ಎಂಟು ರನ್ ಮುಂದಿರುವಾಗ ಅವನನ್ನು ಯಾರೂ ಕರೆಯುವುದಿಲ್ಲ. ಪಂದ್ಯದ ಹಣೆಬರಹ ತೂಗಾಡುವಾಗಲೇ ಅವನು ಬರುವುದು. ಅಂಥ ಹೊತ್ತಿನ ಒಂದು ಇನ್ನಿಂಗ್ಸ್ ಮಾಮೂಲಿ ಇನ್ನಿಂಗ್ಸ್‌ನ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ ಎಂದು ಅಂಕಿಅಂಶದವರು ಒಪ್ಪುತ್ತಾರೆ. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎರಡು ರನ್ ಕೊಡುವವನನ್ನೂ ನಾಲ್ಕು ರನ್ ಕೊಡುವವನನ್ನೂ ಪಕ್ಕಪಕ್ಕ ಇಟ್ಟರೆ, ಎಪ್ಪತ್ತು ಇನ್ನಿಂಗ್ಸ್‌ನಲ್ಲಿ ಹದಿನೈದು ಹದಿನಾರು ರನ್ ವ್ಯತ್ಯಾಸ ಬರುತ್ತದೆ. ಹತ್ತು ರನ್‌ಗೆ ಒಂದು ಗೆಲುವು ಎಂಬುದು ಈ ಆಟದ ರೂಢಿಯ ಲೆಕ್ಕ. ಆ ಪ್ರಕಾರ ಒಂದೂವರೆ ಗೆಲುವು. ಒತ್ತಡದ ತೂಕ ಸೇರಿಸಿದರೆ ಮೂರರ ಹತ್ತಿರ.

ಆದರೆ ಇನ್ನೊಂದು ಬದಿಯೂ ಇದೆ. ಕ್ಲೋಸರ್ ಹೋದ ಕೂಡಲೇ ಅವನ ಜಾಗಕ್ಕೆ ಬೀದಿಯಲ್ಲಿ ಹೋಗುವವನನ್ನು ಕರೆತರುವುದಿಲ್ಲ. ಎಂಟನೇ ಇನ್ನಿಂಗ್ಸ್‌ನವನು ಒಂಬತ್ತಕ್ಕೆ ಬರುತ್ತಾನೆ, ಏಳನೆಯದರವನು ಎಂಟಕ್ಕೆ. ಹೊಸಬ ಸೇರುವುದು ಸಾಲಿನ ಕೊನೆಗೆ, ಪಂದ್ಯ ಬಹುಪಾಲು ತೀರ್ಮಾನವಾದ ಹೊತ್ತಿಗೆ. ಹೀಗೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೇರಿದಾಗ ನಿಜವಾದ ನಷ್ಟ ಕುಗ್ಗುತ್ತದೆ. ಇನ್ನೂ ಒಂದು ಸಂಗತಿ: ಕೊನೆಯ ಇನ್ನಿಂಗ್ಸ್‌ಗೆ ಒಂದು ರನ್ ಮುನ್ನಡೆಯೊಂದಿಗೆ ಹೋದ ತಂಡ ಸುಮಾರು ನೂರಕ್ಕೆ 85 ಸಲ ಗೆಲ್ಲುತ್ತದೆ, ಮೂರು ರನ್ ಮುನ್ನಡೆ ಇದ್ದರೆ ಸುಮಾರು 97 ಸಲ. ಎಂಟು ಇನ್ನಿಂಗ್ಸ್ ಮುಗಿದಾಗ ಮುಂದಿದ್ದ ತಂಡಗಳು ಒಟ್ಟಾರೆ ಗೆಲ್ಲುವ ಪ್ರಮಾಣ 95ರ ಆಸುಪಾಸು. ಕ್ಲೋಸರ್ ಎಂಬ ಹುದ್ದೆಯೇ ಇಲ್ಲದ ಕಾಲದಲ್ಲೂ ಅಷ್ಟೇ ಇತ್ತು, ಕೋಟಿಗಟ್ಟಲೆ ಕೊಡುವ ಕಾಲದಲ್ಲೂ ಅಷ್ಟೇ ಇದೆ. ಮೂರು ರನ್ ಮುನ್ನಡೆಯಲ್ಲಿ ಬಂದು ಸೇವ್ ಗಳಿಸುವುದು ಎಷ್ಟು ಸುಲಭ ಎಂಬುದನ್ನು ಸೇವ್‌ಗಳ ಮೊತ್ತ ಹೇಳುವುದಿಲ್ಲ. ಮಾರುಕಟ್ಟೆ ಮಾತ್ರ ಆ ಮೊತ್ತ ನೋಡಿಯೇ ಚೆಕ್ ಬರೆಯುತ್ತದೆ.

ಬೀನ್ ಅವರ ಆಟ ಇದ್ದದ್ದು ಈ ಸಂದಿಯಲ್ಲಿ.

ಕೊಳ್ಳು, ಮಾಗಿಸು, ಮಾರು

ಇಸ್ರಿಂಗ್‌ಹೌಸನ್ ಓಕ್‌ಲೆಂಡ್‌ಗೆ ಬಂದದ್ದೂ ಹಾಗೆಯೇ. 1999ರ ಜುಲೈ 31ರಂದು ಓಕ್‌ಲೆಂಡ್ ತನ್ನ ಆಗಿನ ಕ್ಲೋಸರ್ ಬಿಲ್ಲಿ ಟೇಲರ್ ಅವರನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟು ಇಸ್ರಿಂಗ್‌ಹೌಸನ್ ಅವರನ್ನು ಪಡೆಯಿತು. ಟೇಲರ್‌ಗೆ ಆಗ 37 ವರ್ಷ. ಇಸ್ರಿಂಗ್‌ಹೌಸನ್ ಸ್ಟಾರ್ಟರ್ ಆಗಿ ಭಾರಿ ಭರವಸೆ ಮೂಡಿಸಿ, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾಗಿ ಮಂಕಾಗಿದ್ದ ಹುಡುಗ. ಓಕ್‌ಲೆಂಡ್ ಅವರನ್ನು ಕ್ಲೋಸರ್ ಮಾಡಿತು. 2000ದಲ್ಲಿ 33, 2001ರಲ್ಲಿ 34 ಸೇವ್. ಬೆಲೆ ಗಗನಕ್ಕೇರಿತು, ಸೇಂಟ್ ಲೂಯಿಸ್ ಕೊಂಡಿತು. ಆಗಿನ ನಿಯಮದಂತೆ ಇಂಥ ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಮುಂದಿನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಪರಿಹಾರದ ಸರದಿಗಳು ಸಿಗುತ್ತಿದ್ದವು. ಹಾಗಾಗಿ ಕ್ಲೋಸರ್ ಹೋದದ್ದು ಪೂರ್ತಿ ನಷ್ಟವೂ ಅಲ್ಲ.

ಖಾಲಿ ಜಾಗಕ್ಕೆ ಬಿಲ್ಲಿ ಕಾಚ್ ಬಂದರು. ಟೊರಾಂಟೊ ಬ್ಲೂ ಜೇಸ್‌ನಲ್ಲಿ ಮೂರು ವರ್ಷಕ್ಕೆ ಸರಿಯಾಗಿ ನೂರು ಸೇವ್ ಗಳಿಸಿದ್ದ, ಗಂಟೆಗೆ ನೂರು ಮೈಲಿಯ ಹತ್ತಿರ ಎಸೆಯುತ್ತಿದ್ದ ಕೈ. ಫ್ರೀ ಏಜೆಂಟ್ ಆಗಲು, ಅಂದರೆ ಬೇಕಾದ ತಂಡ ಸೇರುವ ಸ್ವಾತಂತ್ರ್ಯ ಸಿಗಲು, ಇನ್ನೂ ವರ್ಷಗಳಿದ್ದವು, ಸಂಬಳ ಇಸ್ರಿಂಗ್‌ಹೌಸನ್ ಮಟ್ಟಕ್ಕೆ ಏರಿರಲಿಲ್ಲ. ಅವರಿಗಾಗಿ ಓಕ್‌ಲೆಂಡ್ ಕೊಟ್ಟದ್ದು ಪಿಚರ್ ಜಸ್ಟಿನ್ ಮಿಲ್ಲರ್ ಮತ್ತು ಥರ್ಡ್ ಬೇಸ್‌ನಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ಎರಿಕ್ ಹಿನ್ಸ್ಕಿ ಎಂಬ ಹೊಸ ಹುಡುಗನನ್ನು. ಎದುರಿಗೆ ವ್ಯಾಪಾರಕ್ಕೆ ಕುಳಿತವರು ಟೊರಾಂಟೊದ ಹೊಸ ಜನರಲ್ ಮ್ಯಾನೇಜರ್ ಜೆ.ಪಿ. ರಿಚಾರ್ಡಿ. ಅದಕ್ಕೆ ಸ್ವಲ್ಪ ದಿನ ಮೊದಲಷ್ಟೇ ಬೀನ್ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದವರು. ಹಿನ್ಸ್ಕಿ ಎಂಥ ಸರಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಂದಿನ ವರ್ಷ ಹಿನ್ಸ್ಕಿ 24 ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಬಾರಿಸಿ, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ ಪಡೆದರು.

ಓಕ್‌ಲೆಂಡ್ ಕಥೆಯನ್ನು ಜಾಣತನದ ಕಥೆಯಾಗಿ ಹೇಳುವವರು ಹಿನ್ಸ್ಕಿಯ ಹೆಸರನ್ನು ಹೆಚ್ಚಾಗಿ ನುಂಗಿಬಿಡುತ್ತಾರೆ. ಕ್ಲೋಸರ್ ಪುಕ್ಕಟೆ ಬರಲಿಲ್ಲ, ಬೆಲೆ ಡಾಲರ್‌ನಲ್ಲಿ ಇರಲಿಲ್ಲ ಅಷ್ಟೆ. ಓಕ್‌ಲೆಂಡ್‌ನ ಥರ್ಡ್ ಬೇಸ್‌ನಲ್ಲಿ ಎರಿಕ್ ಚಾವೆಜ್ ಗಟ್ಟಿಯಾಗಿ ಕೂತಿದ್ದರು, ಹಿನ್ಸ್ಕಿಗೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ ಎಂಬುದು ನಿಜ. ಹಾಗಿದ್ದರೂ ಅವರನ್ನು ಬೇರೆ ಯಾವುದಕ್ಕಾದರೂ ಬದಲಾಯಿಸಿಕೊಳ್ಳಬಹುದಿತ್ತಲ್ಲ.

2002ರಲ್ಲಿ ಕಾಚ್ 84 ಪಂದ್ಯಗಳಲ್ಲಿ 93 ಇನ್ನಿಂಗ್ಸ್‌ಗೂ ಹೆಚ್ಚು ಎಸೆದರು. 44 ಸೇವ್, 11 ಗೆಲುವು. ಕ್ಲೋಸರ್‌ಗೆ 11 ಗೆಲುವು ಎಂಬುದು ಮೇಲ್ನೋಟಕ್ಕೆ ಹೊಗಳಿಕೆ. ಒಳಗೆ ನೋಡಿದರೆ ಬೇರೆ ಕಥೆ. ಆ ವರ್ಷದ ಸೆಪ್ಟೆಂಬರ್ 4, ಓಕ್‌ಲೆಂಡ್ ಸತತ ಇಪ್ಪತ್ತನೇ ಗೆಲುವಿಗೆ ಆಡುತ್ತಿದ್ದ ರಾತ್ರಿ. ಕ್ಯಾನ್ಸಸ್ ಸಿಟಿ ವಿರುದ್ಧ 11–0 ಮುನ್ನಡೆ ಕರಗಿ ಕರಗಿ ಒಂಬತ್ತನೇ ಇನ್ನಿಂಗ್ಸ್ ಹೊತ್ತಿಗೆ ಒಂದೇ ರನ್ ಉಳಿದಿತ್ತು. ಕಾಚ್ ಕೈಗೆ ಚೆಂಡು ಬಂತು, ಲೂಯಿಸ್ ಅಲಿಸಿಯಾ ಬಾರಿಸಿದ ಸಿಂಗಲ್‌ಗೆ (ಒಂದು ಬೇಸ್ ತಲುಪಿಸುವ ಹೊಡೆತ) ಅದೂ ಹೋಗಿ 11–11. ಆಮೇಲೆ ಸ್ಕಾಟ್ ಹ್ಯಾಟಿಬರ್ಗ್ ಹೋಮ್‌ರನ್ ಹೊಡೆದು ಗೆಲ್ಲಿಸಿದರು. ಆ ಗೆಲುವು ದಾಖಲೆಯಲ್ಲಿ ಬಿದ್ದದ್ದು, ತಂಡ ಕೊನೆಗೆ ಮುಂದಾದಾಗ ಪಿಚರ್ ಆಗಿದ್ದ ಕಾಚ್ ಹೆಸರಿಗೆ! ಮನೆಗೆ ಬೆಂಕಿ ಹಚ್ಚಿದವನಿಗೇ ಆರಿಸಿದ ಪದಕ.

ತಂಡ 103 ಪಂದ್ಯ ಗೆದ್ದಿತು. ಪ್ಲೇ-ಆಫ್‌ನ ಮೊದಲ ಸುತ್ತಿನಲ್ಲಿ ಮಿನ್ನೆಸೋಟ ಟ್ವಿನ್ಸ್ ಎದುರು ಐದನೇ, ನಿರ್ಣಾಯಕ ಪಂದ್ಯ ಅಕ್ಟೋಬರ್ 6ಕ್ಕೆ. ಓಕ್‌ಲೆಂಡ್ 1–2ರಿಂದ ಹಿಂದಿದ್ದಾಗ ಒಂಬತ್ತನೇ ಇನ್ನಿಂಗ್ಸ್‌ಗೆ ಕಾಚ್ ಬಂದರು. ಎ.ಜೆ. ಪಿಯರ್ಜಿನ್‌ಸ್ಕಿ ಎರಡು ರನ್‌ನ ಹೋಮ್‌ರನ್ ಹೊಡೆದರು, ಡೇವಿಡ್ ಆರ್ಟಿಜ್ ಡಬಲ್ (ಎರಡು ಬೇಸ್ ತಲುಪಿಸುವ ಹೊಡೆತ) ಹೊಡೆದು ಇನ್ನೊಂದು ರನ್ ತಂದರು. 1–5. ಇನ್ನಿಂಗ್ಸ್‌ನ ಕೆಳಗಿನ ಅರ್ಧದಲ್ಲಿ, ಓಕ್‌ಲೆಂಡ್ ಬ್ಯಾಟಿಂಗ್ ಸರದಿಯಲ್ಲಿ, ಮಾರ್ಕ್ ಎಲ್ಲಿಸ್ ಮೂರು ರನ್‌ನ ಹೋಮ್‌ರನ್ ಬಾರಿಸಿದಾಗ 4–5, ಪಂದ್ಯ ಅಲ್ಲಿಗೇ ಮುಗಿಯಿತು. ಕಾಚ್ ಬಿಟ್ಟ ಮೂರು ರನ್‌ಗಳೇ ಮುಳುವಾದವು. ಆದರೆ ಅದು ಹಿಂದಿರುವಾಗ ಎಸೆದ ಇನ್ನಿಂಗ್ಸ್, ಸೇವ್‌ನ ಪ್ರಶ್ನೆಯೇ ಇಲ್ಲ, ಹಾಳಾದ ಸೇವ್ ಎಂಬ ಕಾಲಮ್‌ನಲ್ಲೂ ಅದಕ್ಕೆ ಜಾಗವಿಲ್ಲ. 44 ಎಂಬ ಅಂಕಿಗೆ ಒಂದು ಗೀರೂ ಬೀಳಲಿಲ್ಲ.

ಆ 44 ಅನ್ನು ಡಿಸೆಂಬರ್‌ನಲ್ಲಿ ಬೀನ್ ಮಾರಿದರು. ಕೊಂಡದ್ದು ಷಿಕಾಗೋ ವೈಟ್ ಸಾಕ್ಸ್. ಕೊಟ್ಟದ್ದು ಕೀತ್ ಫೋಲ್ಕ್, ಜೊತೆಗೆ ಇನ್ನಿಬ್ಬರು ಆಟಗಾರರು, ಮೇಲೆ ನಗದು. ಫೋಲ್ಕ್ 2001ರಲ್ಲಿ 42 ಸೇವ್ ಮಾಡಿದ್ದವರು. 2002ರಲ್ಲಿ ಷಿಕಾಗೋ ಅವರನ್ನು ಕ್ಲೋಸರ್ ಜಾಗದಿಂದ ಇಳಿಸಿತ್ತು, ಸೇವ್‌ಗಳು 11ಕ್ಕೆ ಇಳಿದಿದ್ದವು. ಆದರೆ ಅದೇ ವರ್ಷ ಅವರು ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟದ್ದು ಸರಾಸರಿ 2.90 ರನ್, ಕಾಚ್‌ರ 3.27ಕ್ಕಿಂತ ಕಡಿಮೆ. ಅಂದರೆ ಸೇವ್ ಕಡಿಮೆ ಇದ್ದವರೇ ಉತ್ತಮ ಪಿಚರ್, ಮಾರುಕಟ್ಟೆಯಲ್ಲಿ ಅಗ್ಗ. 2003ರಲ್ಲಿ ಫೋಲ್ಕ್ ಓಕ್‌ಲೆಂಡ್‌ಗಾಗಿ 43 ಸೇವ್ ಮಾಡಿ ಲೀಗ್‌ಗೇ ಮೊದಲಿಗರಾದರು, ಸರಾಸರಿ 2.08. ಕಾಚ್ ಷಿಕಾಗೋದಲ್ಲಿ 11 ಸೇವ್, 5.77. 2004ರ ನಂತರ ಅವರು ಮೇಜರ್ ಲೀಗ್‌ನಲ್ಲಿ ಕಾಣಲೇ ಇಲ್ಲ. ಈ ವ್ಯಾಪಾರಕ್ಕೂ ಒಂದು ಬಾಲವಿದೆ. ಕಾಚ್ ಜೊತೆ ಓಕ್‌ಲೆಂಡ್ ಕೊಟ್ಟ ಇಬ್ಬರು ಹುಡುಗರಲ್ಲಿ ಒಬ್ಬರಾದ ನೀಲ್ ಕಾಟ್ಸ್, 2005ರಲ್ಲಿ ವೈಟ್ ಸಾಕ್ಸ್ ವಿಶ್ವ ಸರಣಿ (ಮೇಜರ್ ಲೀಗ್‌ನ ಫೈನಲ್) ಗೆದ್ದಾಗ ಅದರ ಬುಲ್‌ಪೆನ್‌ನ ನಂಬಿಕೆಯ ಕೈಯಾಗಿದ್ದರು.

ಇಲ್ಲಿಯವರೆಗಿನ ಲೆಕ್ಕದಲ್ಲಿ ನನ್ನ ತೀರ್ಪು ನೇರ: ಇಸ್ರಿಂಗ್‌ಹೌಸನ್‌ಗೆ ಇಲ್ಲ ಎಂದದ್ದು ಸರಿ. ಅವರು ಸೇಂಟ್ ಲೂಯಿಸ್‌ನಲ್ಲಿ ಚೆನ್ನಾಗಿಯೇ ಆಡಿದರು, ಕಾರ್ಡಿನಲ್ಸ್ ಹಣ ನೀರಿಗೆ ಹೋಗಲಿಲ್ಲ. ಆದರೂ ಓಕ್‌ಲೆಂಡ್‌ಗೆ ಸರಿ. ಎರಡು ವರ್ಷ ಇಬ್ಬರು ಕ್ಲೋಸರ್‌ಗಳಿಂದ 87 ಸೇವ್ ಪಡೆದು, ಯಾರಿಗೂ ನಾಲ್ಕು ವರ್ಷದ ಮಾತು ಕೊಡದೆ, ಎರಡೂ ವರ್ಷ ಲೀಗ್‌ನ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಗೆದ್ದ ತಂಡ ಅದು.

ದಾರಿ ತಪ್ಪಿದ ವರ್ಷ

2003ರ ಪ್ಲೇ-ಆಫ್‌ನಲ್ಲಿ ಬಾಸ್ಟನ್ ಎದುರು ಓಕ್‌ಲೆಂಡ್ ಮೊದಲೆರಡು ಪಂದ್ಯ ಗೆದ್ದಿತ್ತು. ಇನ್ನೊಂದು ಗೆದ್ದರೆ ಸಾಕು. ನಾಲ್ಕನೇ ಪಂದ್ಯದ ಎಂಟನೇ ಇನ್ನಿಂಗ್ಸ್‌ನಲ್ಲಿ 4–3ರಿಂದ ಮುಂದಿದ್ದಾಗ ಎಸೆಯುತ್ತಿದ್ದವರು ಫೋಲ್ಕ್. ಆರ್ಟಿಜ್ ಆ ಸರಣಿಯಲ್ಲಿ ಅಲ್ಲಿಯವರೆಗೆ ಹದಿನಾರು ಸಲ ಬ್ಯಾಟ್ ಬೀಸಿ ಒಂದೂ ಹಿಟ್ ಕಂಡಿರಲಿಲ್ಲ. ಹದಿನೇಳನೆಯದಕ್ಕೆ ಡಬಲ್, ಎರಡು ರನ್, ಬಾಸ್ಟನ್‌ಗೆ 5–4. ಐದನೇ ಪಂದ್ಯವೂ ಹೋಯಿತು. ಲೀಗ್‌ನ ಅತ್ಯುತ್ತಮ ಕ್ಲೋಸರ್ ಇದ್ದೂ ಹೀಗಾಗುತ್ತದೆ. ಒಂದು ಪಂದ್ಯ ನೋಡಿ ಕ್ಲೋಸರ್ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಇದರಿಂದ ಏನೂ ಸಿಗುವುದಿಲ್ಲ.

ಬಾಸ್ಟನ್ ಆ ವರ್ಷವೇ ಬೇರೊಂದು ಪಾಠ ಕಲಿತಿತ್ತು. ಕ್ಲೋಸರ್ ಎಂದು ಒಬ್ಬನನ್ನು ನೇಮಿಸದೆ, ಸಂದರ್ಭ ನೋಡಿ ಯಾರನ್ನಾದರೂ ಕಳಿಸುವ ಪ್ರಯೋಗ ಅವರದು. ಮಾರ್ಚ್ 31ರ ಮೊದಲ ಪಂದ್ಯದಲ್ಲೇ ಟ್ಯಾಂಪಾ ಬೇ ಎದುರು 4–1ರಿಂದ ಒಂಬತ್ತನೇ ಇನ್ನಿಂಗ್ಸ್‌ಗೆ ಹೋಗಿ 4–6ರಿಂದ ಸೋತರು. ಪ್ರಯೋಗದಲ್ಲಿ ತಪ್ಪಿರಲಿಲ್ಲ, ಪ್ರಯೋಗಕ್ಕೆ ಬಳಸಿದ ಕೈಗಳು ಸಾಲುತ್ತಿರಲಿಲ್ಲ ಎಂದು ನನ್ನ ಎಣಿಕೆ. ಅದೇನೇ ಇರಲಿ, ಋತು ಮುಗಿದಾಗ ಬಾಸ್ಟನ್ ಚೆಕ್‌ಬುಕ್ ತೆಗೆದು ಫೋಲ್ಕ್‌ಗೆ ಮೂರು ವರ್ಷಕ್ಕೆ ಸುಮಾರು 2.1 ಕೋಟಿ ಡಾಲರ್ ಬರೆಯಿತು.

ಓಕ್‌ಲೆಂಡ್ ಮತ್ತೆ ಹಿಂದೆ ಸರಿಯಿತು. ಆದರೆ ಈ ಸಲ ಮುಂದಿನ ಹೆಜ್ಜೆ ಮೊದಲಿನಂತೆ ಇರಲಿಲ್ಲ. ಸಿಯಾಟಲ್‌ನಲ್ಲಿ ಎಂಟನೇ ಇನ್ನಿಂಗ್ಸ್‌ನ ಎಡಗೈ ಪಿಚರ್ ಆಗಿ ಹೆಸರು ಮಾಡಿದ್ದ ಆರ್ಥರ್ ರೋಡ್ಸ್ ಅವರಿಗೆ ಮೂರು ವರ್ಷಕ್ಕೆ 92 ಲಕ್ಷ ಡಾಲರ್ ಕೊಟ್ಟು ಕ್ಲೋಸರ್ ಎಂದು ಕೂರಿಸಿದರು. ಆಗ ಅವರಿಗೆ 34 ವರ್ಷ. ಜೂನ್ ಹೊತ್ತಿಗೆ ಈ ವ್ಯವಸ್ಥೆ ಕುಸಿದಿತ್ತು. ಆಮೇಲೆ ಮೂರು ತಂಡಗಳ ದೊಡ್ಡ ವ್ಯಾಪಾರವೊಂದರಲ್ಲಿ ಹೂಸ್ಟನ್‌ನಿಂದ ಆಕ್ಟೇವಿಯೊ ಡೊಟೆಲ್ ಬಂದರು. ಅದಕ್ಕಾಗಿ ಓಕ್‌ಲೆಂಡ್ ಕ್ಯಾನ್ಸಸ್ ಸಿಟಿಗೆ ಕೊಟ್ಟದ್ದು ಮಾರ್ಕ್ ಟೀಹನ್ ಮತ್ತು ಮೈಕ್ ವುಡ್ ಅವರನ್ನು. ಟೀಹನ್ ಯಾರು? 2001ರ ಚಳಿಗಾಲದಲ್ಲಿ ಕಳೆದುಕೊಂಡ ಆ ಮೂವರಿಗೆ ಪರಿಹಾರವಾಗಿ ಸಿಕ್ಕ ಡ್ರಾಫ್ಟ್ ಸರದಿಗಳಲ್ಲಿ ಒಂದರಿಂದ ಬಂದ ಹುಡುಗ. ಗಳಿಸಿಟ್ಟದ್ದನ್ನೇ ಅರ್ಧ ಋತುವಿನ ಕ್ಲೋಸರ್‌ಗೆ ಖರ್ಚು ಮಾಡಿದಂತಾಯಿತು.

ಈಗ ಅಂಕಿ ನೋಡಿ. 2004ರಲ್ಲಿ ರೋಡ್ಸ್ 38 ಇನ್ನಿಂಗ್ಸ್ ಚಿಲ್ಲರೆ ಎಸೆದು 22 ರನ್ ಕೊಟ್ಟರು. ಡೊಟೆಲ್ ಓಕ್‌ಲೆಂಡ್‌ಗೆ 50 ಇನ್ನಿಂಗ್ಸ್ ಚಿಲ್ಲರೆ ಎಸೆದು 23 ಕೊಟ್ಟರು. ಇಬ್ಬರದೂ ಸೇರಿ 89 ಇನ್ನಿಂಗ್ಸ್‌ಗೆ 45 ರನ್. ಫೋಲ್ಕ್ ಬಾಸ್ಟನ್‌ನಲ್ಲಿ 83 ಇನ್ನಿಂಗ್ಸ್‌ಗೆ 20. ಸರಿಸುಮಾರು ಅಷ್ಟೇ ಕೆಲಸಕ್ಕೆ ಇಪ್ಪತ್ತಕ್ಕೂ ಹೆಚ್ಚು ರನ್ ವ್ಯತ್ಯಾಸ, ಅಂದರೆ ಎರಡು ಗೆಲುವು. ರೋಡ್ಸ್ ಎಸೆದದ್ದೆಲ್ಲ ಕ್ಲೋಸರ್ ಆಗಿಯೇ ಅಲ್ಲ, ಮೈದಾನಗಳೂ ಬೇರೆ. ಲೆಕ್ಕ ಒರಟು, ಒಪ್ಪುತ್ತೇನೆ. ಆದರೆ ಆ ವರ್ಷ ಓಕ್‌ಲೆಂಡ್‌ನ ವಿಭಾಗದ ಪಟ್ಟಿ ನೋಡಿದರೆ ಒರಟು ಲೆಕ್ಕವೂ ಚುಚ್ಚುತ್ತದೆ. ಅನಾಹೈಮ್ ಏಂಜಲ್ಸ್ 92 ಗೆಲುವು, ಓಕ್‌ಲೆಂಡ್ 91. ಒಂದೇ ಒಂದು ಪಂದ್ಯ.

ಕೊನೆಯ ವಾರಾಂತ್ಯಕ್ಕೆ ಎರಡೂ ತಂಡಗಳು ಸಮನಾಗಿ ಬಂದಿದ್ದವು, ಮೂರೂ ಪಂದ್ಯ ಓಕ್‌ಲೆಂಡ್‌ನಲ್ಲೇ, ಪರಸ್ಪರ ಎದುರಾಳಿಗಳಾಗಿ. ಶುಕ್ರವಾರ ಏಂಜಲ್ಸ್ 10–0ರಿಂದ ಚಚ್ಚಿ ಹಾಕಿತು. ಅಕ್ಟೋಬರ್ 2ರ ಶನಿವಾರ ಬ್ಯಾರಿ ಜೀಟೊ ಏಳು ಇನ್ನಿಂಗ್ಸ್ ಎಸೆದು 4–2 ಮುನ್ನಡೆ ಕೊಟ್ಟು ಹೋದರು. ಎಂಟನೇ ಇನ್ನಿಂಗ್ಸ್‌ಗೆ ಬುಲ್‌ಪೆನ್ ಬಾಗಿಲು ತೆರೆಯಿತು. ಡ್ಯಾರಿನ್ ಅರ್ಸ್ಟಡ್ ಡಬಲ್ ಹೊಡೆದರು, ಎರಡು ರನ್, 4–4. ಗ್ಯಾರೆಟ್ ಆಂಡರ್ಸನ್ ಸಿಂಗಲ್ ಹೊಡೆದರು, 4–5. ಅಷ್ಟೇ. ವಿಭಾಗ ಏಂಜಲ್ಸ್ ಪಾಲಾಯಿತು. ಭಾನುವಾರದ ಗೆಲುವು ಲೆಕ್ಕಕ್ಕೆ ಮಾತ್ರ.

ಗಮನಿಸಿ, ಮುನ್ನಡೆ ಹೋದದ್ದು ಎಂಟನೇ ಇನ್ನಿಂಗ್ಸ್‌ನಲ್ಲಿ. ಕ್ಲೋಸರ್ ಎಂಬ ಹುದ್ದೆ ಕಾಯುತ್ತಿದ್ದದ್ದು ಒಂಬತ್ತಕ್ಕೆ. ಋತುವಿನ ಅತಿ ದೊಡ್ಡ ಆರು ಔಟ್‌ಗಳ ಪೈಕಿ ಮೊದಲ ಮೂರಕ್ಕೆ ಎರಡನೇ ದರ್ಜೆಯ ಕೈಗಳನ್ನು ಕಳಿಸಿ, ಉಳಿದ ಮೂರಕ್ಕೆ ಮುಖ್ಯ ಕೈಯನ್ನು ಎತ್ತಿಡುವ ಪದ್ಧತಿ ಅದು. ಸೇವ್‌ನ ಅಂಕಿಯನ್ನು ಮಾರುಕಟ್ಟೆಯಲ್ಲಿ ಗೇಲಿ ಮಾಡಿ ದುಡ್ಡು ಮಾಡಿದ ತಂಡವೇ ಮೈದಾನದಲ್ಲಿ ಅದೇ ಅಂಕಿಗೆ ತಲೆಬಾಗಿತ್ತು. ಫೋಲ್ಕ್ ಇದ್ದಿದ್ದರೂ ಆ ಎಂಟನೇ ಇನ್ನಿಂಗ್ಸ್‌ನಲ್ಲಿ ಅವರನ್ನು ಕಳಿಸುತ್ತಿದ್ದರೇ ಎಂಬುದು ಬೇರೆ ಮಾತು, ಹಿಂದಿನ ವರ್ಷ ಬಾಸ್ಟನ್ ಎದುರು ಕಳಿಸಿದ್ದರಲ್ಲ.

ಆ ಅಕ್ಟೋಬರ್‌ನ ವಿಶ್ವ ಸರಣಿಯಲ್ಲಿ ಬಾಸ್ಟನ್ ಮತ್ತು ಸೇಂಟ್ ಲೂಯಿಸ್ ಎದುರಾದವು. ಒಂದು ಕಡೆಯ ಕ್ಲೋಸರ್ ಫೋಲ್ಕ್, ಇನ್ನೊಂದು ಕಡೆಯ ಕ್ಲೋಸರ್ ಆ ವರ್ಷ 47 ಸೇವ್ ಮಾಡಿದ್ದ ಇಸ್ರಿಂಗ್‌ಹೌಸನ್. ಇಬ್ಬರೂ ಓಕ್‌ಲೆಂಡ್ ಬೇಡವೆಂದವರು. ಪ್ಲೇ-ಆಫ್‌ನಲ್ಲಿ ಫೋಲ್ಕ್ 14 ಇನ್ನಿಂಗ್ಸ್ ಎಸೆದು ಒಂದೇ ರನ್ ಕೊಟ್ಟರು. ಅಕ್ಟೋಬರ್ 27ರ ರಾತ್ರಿ ಎಡ್ಗರ್ ರೆಂಟೆರಿಯಾ ಹೊಡೆದ ಚೆಂಡು ಪುಟಿದು ನೇರ ಅವರ ಕೈಗೇ ಬಂತು. ಅದನ್ನು ಮೊದಲ ಬೇಸ್‌ಗೆ ಮೆಲ್ಲಗೆ ಎಸೆದಾಗ ಬಾಸ್ಟನ್‌ನ 86 ವರ್ಷದ ಕಾಯುವಿಕೆ ಮುಗಿಯಿತು.

ಹಾಗಾದರೆ ಫೋಲ್ಕ್‌ಗೆ ಹಣ ಕೊಡಬೇಕಿತ್ತೇ?

ಇಲ್ಲಿ ಓಕ್‌ಲೆಂಡ್ ಅಭಿಮಾನಿಗಳೇ ಎರಡು ಪಾಳೆಯ. ನನಗನಿಸುವುದು: ಕೊಡಬಾರದಿತ್ತು. ಕಾರಣ 2004 ಅಲ್ಲ, 2005. ಆ ಅಕ್ಟೋಬರ್‌ನಲ್ಲಿ ಮೈಮುರಿಯೆ ದುಡಿದ ಫೋಲ್ಕ್ ಮರುವರ್ಷ ಮೊಣಕಾಲು ನೋವಿನಿಂದ ನರಳಿದರು, ಸರಾಸರಿ 5.91ಕ್ಕೆ ಹೋಯಿತು. ಆಮೇಲೆ ಮೊದಲಿನ ಫೋಲ್ಕ್ ಮರಳಲೇ ಇಲ್ಲ. ಬಾಸ್ಟನ್‌ಗೆ ಅದರಿಂದ ಏನೂ ಆಗಲಿಲ್ಲ. ಮೂರು ವರ್ಷದ ಹಣದಲ್ಲಿ ಒಂದು ವರ್ಷ ಕೊಂಡು, ಟ್ರೋಫಿ ಎತ್ತಿ, ಉಳಿದೆರಡನ್ನು ನಷ್ಟದ ಖಾತೆಗೆ ಬರೆದು ಮುಂದೆ ಹೋದರು. 2004ರಲ್ಲಿ 6 ಕೋಟಿಗೂ ಕಡಿಮೆ ಸಂಬಳ ಪಟ್ಟಿ ಇದ್ದ ಓಕ್‌ಲೆಂಡ್‌ನಲ್ಲಿ ಅಂಥ ಎರಡು ವರ್ಷ ಅಂದರೆ ಒಬ್ಬ ಸ್ಟಾರ್ಟರ್ ಅಥವಾ ಒಬ್ಬ ಒಳ್ಳೆಯ ಬ್ಯಾಟರ್ ಇಲ್ಲದ ಎರಡು ವರ್ಷ. ಕ್ಲೋಸರ್‌ಗಳ ಫಾರ್ಮ್ ಎಷ್ಟು ಬೇಗ ಜಾರುತ್ತದೆ ಎಂಬುದಕ್ಕೆ ಕಾಚ್, ಫೋಲ್ಕ್ ಇಬ್ಬರೇ ಸಾಕ್ಷಿ ಸಾಕು. ಶ್ರೀಮಂತ ತಂಡ ಕೊಳ್ಳುವುದು ಮೊದಲ ವರ್ಷವನ್ನು. ಬಡ ತಂಡ ಸಹಿ ಹಾಕಿದರೆ ಕೊನೆಯ ವರ್ಷವನ್ನೂ ಕೊಂಡಂತೆ.

ಹಾಗಾಗಿ ನನ್ನ ತಕರಾರು ಫೋಲ್ಕ್‌ರನ್ನು ಬಿಟ್ಟದ್ದಕ್ಕಲ್ಲ, ರೋಡ್ಸ್‌ರನ್ನು ತಂದದ್ದಕ್ಕೆ. 2001 ಮತ್ತು 2002ರಲ್ಲಿ ಬೀನ್ ಮಾಡಿದ್ದು ಚಿಕ್ಕ ಅವಧಿಯ ಸರಕು ತರುವ ಕೆಲಸ. 2003ರಲ್ಲಿ ಅವರು 34ರ ವಯಸ್ಸಿನ, ಮುಖ್ಯ ಕ್ಲೋಸರ್ ಆಗಿ ಯಾವತ್ತೂ ಇಡೀ ವರ್ಷ ಕೆಲಸ ಮಾಡದ ಪಿಚರ್‌ಗೆ ಮೂರು ವರ್ಷದ ಮಾತು ಕೊಟ್ಟರು. ಅರ್ಧ ಬೆಲೆಗೆ ಕ್ಲೋಸರ್ ಎಂಬ ಹೆಸರನ್ನು ಕೊಂಡಂತಾಯಿತೇ ಹೊರತು ಕೆಲಸವನ್ನಲ್ಲ. ಅದೇ ವರ್ಷ ಅದೇ ಬುಲ್‌ಪೆನ್‌ನಲ್ಲಿ ಜಸ್ಟಿನ್ ಡೂಕ್‌ಷರ್ ಎಂಬ ಹುಡುಗ ಸದ್ದಿಲ್ಲದೆ 96 ಇನ್ನಿಂಗ್ಸ್ ಎಸೆದು 3.27 ಸರಾಸರಿ ಕಾಯ್ದುಕೊಂಡಿದ್ದ. ವೇಗ ಕಡಿಮೆ, ಹಾಗಾಗಿ ಕ್ಲೋಸರ್ ಅನಿಸುವ ಮೈಕಟ್ಟಿಲ್ಲ. ಒಂಬತ್ತನೇ ಇನ್ನಿಂಗ್ಸ್ ಅವನಿಗೆ ಕೊಟ್ಟು ನೋಡಬೇಕಿತ್ತು. ಮರುವರ್ಷ ಅವನು ಲೀಗ್‌ನ ಆಯ್ದ ಆಟಗಾರರ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದ.

ಮರುವರ್ಷ ಇನ್ನೊಂದೂ ಆಯಿತು. ಡೊಟೆಲ್ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಒಂಬತ್ತನೇ ಇನ್ನಿಂಗ್ಸ್ ಹ್ಯೂಸ್ಟನ್ ಸ್ಟ್ರೀಟ್ ಕೈಗೆ ಬಂತು. 2004ರ ಡ್ರಾಫ್ಟ್‌ನಲ್ಲಿ, ಫ್ರೀ ಏಜೆಂಟ್‌ಗಳನ್ನು ಕಳೆದುಕೊಂಡದ್ದಕ್ಕೆ ಸಿಕ್ಕ ಪರಿಹಾರದ ಸರದಿಯಲ್ಲಿ 40ನೆಯವರಾಗಿ ಬಂದ ಟೆಕ್ಸಾಸ್ ವಿಶ್ವವಿದ್ಯಾಲಯದ ಹುಡುಗ. 23 ಸೇವ್, ಸರಾಸರಿ 1.72, ವರ್ಷದ ಹೊಸ ಆಟಗಾರ ಪ್ರಶಸ್ತಿ. ಆ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 3.16 ಲಕ್ಷ ಡಾಲರ್. ಹೊಸಬರಿಗೆ ಸಿಗುವುದು ಅದರ ಆಸುಪಾಸೇ.

ಆಮೇಲಿನದು

ಇಷ್ಟೆಲ್ಲ ಕಂಡ ತಂಡ ಮತ್ತೆ ದುಬಾರಿ ಕ್ಲೋಸರ್ ಕೊಳ್ಳಲಿಲ್ಲ ಎಂದುಕೊಂಡರೆ ತಪ್ಪು. 2013ರ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್‌ನಿಂದ ಜಿಮ್ ಜಾನ್ಸನ್ ಬಂದರು. ಹಿಂದಿನ ಎರಡು ವರ್ಷ 51 ಮತ್ತು 50 ಸೇವ್, 2014ಕ್ಕೆ ಸಂಬಳ 1 ಕೋಟಿ ಡಾಲರ್. ಒಂದೇ ವರ್ಷದ ಬಾಧ್ಯತೆ, ಹಾಗಾಗಿ ಅವಧಿಯ ದೃಷ್ಟಿಯಿಂದ ತಕರಾರಿಲ್ಲ. ಆದರೆ ಏಪ್ರಿಲ್ ಮುಗಿಯುವ ಮೊದಲೇ ಅವರು ಕೆಲಸ ಕಳೆದುಕೊಂಡರು, 7.14 ಸರಾಸರಿಯೊಂದಿಗೆ ಋತುವಿನ ನಡುವೆಯೇ ಮನೆಗೆ ಹೋದರು. ಜಾಗಕ್ಕೆ ಬಂದದ್ದು ಶಾನ್ ಡೂಲಿಟಲ್, ಫಸ್ಟ್ ಬೇಸ್ ಆಡಲೆಂದು ಬಂದು ಗಾಯಗಳಿಂದಾಗಿ ಪಿಚರ್ ಆದವರು. ಅದೇ ಏಪ್ರಿಲ್‌ನಲ್ಲಿ ಡೂಲಿಟಲ್ ಜೊತೆ ತಂಡ ಮಾಡಿಕೊಂಡ ಐದು ವರ್ಷದ ಒಪ್ಪಂದದ ಮೊತ್ತ 1.05 ಕೋಟಿ. ಐದು ವರ್ಷಕ್ಕೆ ಒಬ್ಬರು, ಒಂದು ವರ್ಷಕ್ಕೆ ಇನ್ನೊಬ್ಬರು, ಹೆಚ್ಚುಕಡಿಮೆ ಒಂದೇ ಹಣ.

2018ರ ಜೂನ್‌ನಲ್ಲಿ ಓಕ್‌ಲೆಂಡ್ ಲಿಯಾಮ್ ಹೆಂಡ್ರಿಕ್ಸ್ ಅವರನ್ನು ತಂಡದ ಪಟ್ಟಿಯಿಂದ ಕೈಬಿಟ್ಟಾಗ ಬೇರೆ ಯಾವ ತಂಡವೂ ಎತ್ತಿಕೊಳ್ಳಲಿಲ್ಲ. ಮರುವರ್ಷ ಅವರೇ ಕ್ಲೋಸರ್, ಆಲ್-ಸ್ಟಾರ್. 2020ರ ನಂತರ ಷಿಕಾಗೋ ವೈಟ್ ಸಾಕ್ಸ್ ಅವರಿಗೆ ಮೂರು ವರ್ಷಕ್ಕೆ 5.4 ಕೋಟಿ ಡಾಲರ್ ಕೊಟ್ಟಿತು. ಅವರ ಜಾಗಕ್ಕೆಂದು ಓಕ್‌ಲೆಂಡ್ 1.1 ಕೋಟಿಗೆ ಟ್ರೆವರ್ ರೋಸೆಂಥಾಲ್ ಅವರನ್ನು ಕರೆತಂದಿತು. ಶಸ್ತ್ರಚಿಕಿತ್ಸೆಗಳ ಕಾರಣ ಅವರು ಓಕ್‌ಲೆಂಡ್‌ಗಾಗಿ ಒಂದೇ ಒಂದು ಚೆಂಡನ್ನೂ ಎಸೆಯಲಿಲ್ಲ.

2001ರ ಲೆಕ್ಕವನ್ನು ಇವತ್ತು ಹಾಗೇ ನಕಲು ಮಾಡಲಾಗದು. ಡ್ರಾಫ್ಟ್ ಪರಿಹಾರದ ನಿಯಮ 2012ರಿಂದ ಬಿಗಿಯಾಗಿದೆ. ಆಟಗಾರನಿಗೆ ಮೊದಲು ಒಂದು ವರ್ಷದ ಭಾರಿ ಮೊತ್ತದ ಆಹ್ವಾನ ಕೊಟ್ಟು, ಅವನು ಬೇಡವೆಂದರೆ ಮಾತ್ರ ಪರಿಹಾರ. ಕ್ಲೋಸರ್‌ಗೆ ಅಂಥ ಆಹ್ವಾನ ಕೊಟ್ಟು, ಅವನು ಹೂಂ ಎಂದುಬಿಟ್ಟರೆ ಬಡ ತಂಡದ ಬಜೆಟ್ ಅಲ್ಲಿಗೇ ಮುಗಿಯಿತು. ಹಾಗಾಗಿ ಕ್ಲೋಸರ್ ಫ್ರೀ ಏಜೆಂಟ್ ಆಗುವವರೆಗೆ ಕಾಯದೆ, ಇನ್ನೂ ವರ್ಷಗಳು ಉಳಿದಿರುವಾಗಲೇ ಮಾರುವುದು ಈಗಿನ ದಾರಿ. ಓಕ್‌ಲೆಂಡ್ ಬಿಟ್ಟು ಸ್ಯಾಕ್ರಮೆಂಟೊದಲ್ಲಿ ತಂಗಿರುವ ಅದೇ ಅಥ್ಲೆಟಿಕ್ಸ್, 2025ರ ಜುಲೈ 31ರಂದು ಗಂಟೆಗೆ ನೂರು ಮೈಲಿ ದಾಟಿ ಎಸೆಯುವ ಮೇಸನ್ ಮಿಲ್ಲರ್ ಅವರನ್ನು ಸ್ಟಾರ್ಟರ್ ಜೆ.ಪಿ. ಸಿಯರ್ಸ್ ಜೊತೆಗೆ ಸ್ಯಾನ್ ಡಿಯಾಗೊಗೆ ಕೊಟ್ಟು, 18 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಲಿಯೊ ಡಿ ವ್ರೀಸ್ ಸೇರಿದಂತೆ ನಾಲ್ವರು ಹುಡುಗರನ್ನು ಪಡೆಯಿತು. ಮಿಲ್ಲರ್ ಮುಂದೆ ಎಷ್ಟೇ ಸೇವ್ ಮಾಡಲಿ, ಆ ವ್ಯಾಪಾರವನ್ನು ನಾನು ಸರಿ ಎಂದೇ ಅನ್ನುತ್ತೇನೆ.